ಟೋಕನ್ ಇಲ್ಲದೆ ಒಳಗೆ ಹೋದ ಬಾತುಕೋಳಿ

ಕೆರೆ ಉದ್ಯಾನದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕೆರೆಯಲ್ಲಿ ಈಜುತ್ತಿರುವ ಬಾತುಕೋಳಿಗಳಲ್ಲಿ ಒಂದು ನನ್ನದು. ಅದನ್ನು ನನಗೆ ವಾಪಸ್ಸು ಕೊಡಿ. ಹನ್ನೊಂದು ದಿನದಿಂದ ಈ ಎರಡೇ ಮಾತನ್ನು ನಿಮ್ಮ ಕಚೇರಿಯ ಮೇಜುಗಳ ಮುಂದೆ ನಿಂತು ಹೇಳುತ್ತಿದ್ದೇನೆ. ಒಂದು ಮೇಜಿನವರು ನಕ್ಕರು, ಇನ್ನೊಂದು ಮೇಜಿನವರು ಬರೆದುಕೊಡಿ ಎಂದರು, ಮತ್ತೊಬ್ಬರು ಊಟಕ್ಕೆ ಹೋಗಿದ್ದರು. ಬರೆದುಕೊಡಿ ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ನಿಮಗೊಬ್ಬರಿಗೇ ಕಳಿಸಿದರೆ ಈ ಕಾಗದವೂ ಊಟಕ್ಕೆ ಹೋಗಿಬಿಟ್ಟೀತೆಂದು ಪತ್ರಿಕೆಗೂ ಕಳಿಸಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ಮಾತು ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಭಾನುವಾರ ನಾನು, ನನ್ನ ಗಂಡ, ಮೈದುನ, ಓರಗಿತ್ತಿ ಎಲ್ಲರೂ ನಿಮ್ಮ ಉದ್ಯಾನಕ್ಕೆ ಬಂದೆವು. ‘ಸಾಕುಪ್ರಾಣಿಗಳಿಗೂ ಸ್ವಾಗತ’ ಎಂದು ಬಾಗಿಲಲ್ಲಿ ಫಲಕ ಹಾಕಿಸಿದವರು ನೀವೇ. ಓರಗಿತ್ತಿ ತನ್ನ ನಾಯಿಯನ್ನು ತಂದಿದ್ದಳು. ಹೆಸರು ಬೇಬಿ, ಮೈಮೇಲೆ ಗುಲಾಬಿ ಸ್ವೆಟರು. ನಾನು ಗುಂಡಕ್ಕನನ್ನು ಬುಟ್ಟಿಯಲ್ಲಿ ತಂದಿದ್ದೆ. ಗುಂಡಕ್ಕ ನಮ್ಮ ಬಾತುಕೋಳಿ. ಮೊಟ್ಟೆಯಿಂದ ಹೊರಬಂದ ದಿನದಿಂದ ನನ್ನ ಹಿಂದೆಯೇ ಓಡಾಡಿ ಎರಡು ವರ್ಷವಾಯಿತು. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸದವಳು. ಅಲ್ಲಿ ಬಿರುಕುಬಿಟ್ಟ ಟಬ್ಬೊಂದನ್ನು ಕೇಳಿ ತಂದು, ಸಿಮೆಂಟು ಮೆತ್ತಿ, ಹಿತ್ತಿಲಲ್ಲಿ ಇಟ್ಟಿದ್ದೇವೆ. ಗುಂಡಕ್ಕ ಕಂಡ ನೀರೆಲ್ಲ ಅಷ್ಟೇ.

ಸುಳ್ಳು ಬರೆದರೆ ದೇವರು ಮೆಚ್ಚುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ನನಗೆ ಓರಗಿತ್ತಿಯನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತಿನದಲ್ಲ, ಅವಳು ಮದುವೆಯಾಗಿ ಬಂದಂದಿನಿಂದಲೂ. ಅವಳು ಕಾರಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತಾಳೆ. ನನ್ನ ಗಂಡ ಬಸ್ಸಿನ ಹರಿದ ಸೀಟುಗಳನ್ನು ಹೊಲಿಯುತ್ತಾರೆ. ಇದನ್ನು ನನ್ನಿಂದ ತೆಗೆದುಬಿಡು ಎಂದು ದಿನಾ ಬೆಳಿಗ್ಗೆ ದೇವರನ್ನು ಬೇಡುತ್ತೇನೆ. ಅವನು ತೆಗೆಯುತ್ತಾನೆ. ಅಷ್ಟರಲ್ಲಿ ಅವಳ ಫೋನ್ ಬರುತ್ತದೆ.

ಟಿಕೆಟ್ ಕಿಟಕಿಯವನು ಅವಳಿಗೆ, “ಮೇಡಂ, ನಾಯಿಗೆ ಟೋಕನ್ ತಗೊಳ್ಳಿ” ಎಂದು ಹಿತ್ತಾಳೆಯ ಬಿಲ್ಲೆಯೊಂದನ್ನು ಕೊಟ್ಟ. ಅದು ಬೇಬಿಯ ಕೊರಳಲ್ಲಿ ಪದಕದ ಹಾಗೆ ಹೊಳೆಯಿತು. ಆಮೇಲೆ ನನ್ನ ಕಡೆ ತಿರುಗಿದ.

“ಬುಟ್ಟೀಲಿ ಏನಮ್ಮ?”

“ಬಾತುಕೋಳಿ ಕಣಪ್ಪ. ಇದಕ್ಕೂ ಒಂದು ಬಿಲ್ಲೆ ಕೊಡು.”

“ಹಕ್ಕಿಗೆಲ್ಲ ಟೋಕನ್ ಇಲ್ಲ. ಹೋಗಮ್ಮ, ಹೋಗು.”

ಅವಳು ಮೇಡಂ, ನಾನು ಹೋಗಮ್ಮ. ಇರಲಿ. ಆ ಕ್ಷಣಕ್ಕೆ ನಾನು ಹಿಗ್ಗಿಹೋದೆ ಸ್ವಾಮಿ! “ನೋಡಿದ್ಯೇನೇ, ನಮ್ಮದು ಪುಕ್ಕಟೆ” ಎಂದು ಓರಗಿತ್ತಿಗೆ ಕೇಳುವಂತೆಯೇ ಹೇಳಿದೆ. ಅವಳು ಬಿಟ್ಟಾಳೆಯೇ? “ಪುಕ್ಕಟೆ ಅಂದ್ರೆ ನಿಮ್ಮ ಮುಖ ಹೇಗೆ ಅರಳತ್ತೆ ಅಕ್ಕಾ!” ಎಂದಳು. ಹಟ ಹಿಡಿದು ಆ ಬಿಲ್ಲೆಯನ್ನು ಅಲ್ಲೇ ಈಸಿಕೊಳ್ಳಬೇಕಿತ್ತು. ಅವಳೆದುರು ಗೆದ್ದ ಸಂತೋಷದಲ್ಲಿ ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಉಳಿದದ್ದೆಲ್ಲ ನಿಮ್ಮದು.

ಅಷ್ಟು ನೀರನ್ನು ಒಟ್ಟಿಗೆ ಕಂಡು ಗುಂಡಕ್ಕ ಬೆದರಿತು. ಸಂಜೆಯವರೆಗೂ ನನ್ನ ಮಡಿಲು ಬಿಟ್ಟು ಇಳಿಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಮ್ಮ ಕಾವಲಿನವನು ಬುಟ್ಟಿಗೆ ಕೈ ಅಡ್ಡ ಹಾಕಿದ.

“ಏನಮ್ಮ, ಕೆರೆ ಬಾತುಕೋಳೀನ ತುಂಬ್ಕೊಂಡು ಹೊರಟ್ಯಾ?”

“ಇದು ನಮ್ಮನೇದಪ್ಪ. ಬರ್ತಾ ತಂದಿದ್ದು.”

“ಟೋಕನ್ ಎಲ್ಲಿ?”

“ಹಕ್ಕಿಗೆ ಟೋಕನ್ ಇಲ್ಲ ಅಂದ್ರಲ್ಲ!”

“ಟೋಕನ್ ಇಲ್ಲ ಅಂದ್ಮೇಲೆ ಕೆರೇದೇ.”

ನನ್ನ ಗಂಡ ಅದರ ಎಡಗಾಲು ಹಿಡಿದು, “ಇಲ್ನೋಡಪ್ಪಾ, ಒಂದು ಉಗುರಿಲ್ಲ. ನಮ್ಮನೆ ಬಾಗಿಲಿಗೆ ಸಿಕ್ಕಿ ಹೋಗಿದ್ದು” ಎಂದರು. “ಈಗ ನೋಡ್ಕೊಂಡು ಈಗ ಹೇಳ್ತೀರಾ?” ಎಂದ. ಟಿಕೆಟ್ ಕಿಟಕಿ ಮುಚ್ಚಿತ್ತು, ಆ ಮನುಷ್ಯ ಮನೆಗೆ ಹೋಗಿದ್ದ. ಕಾವಲಿನವನು ಗುಂಡಕ್ಕನನ್ನು ಎತ್ತಿಕೊಂಡು ಹೋಗಿ ನೀರಿಗೆ ಬಿಟ್ಟು ಬಂದ. ಬೇಬಿ ಬಿಲ್ಲೆ ತೋರಿಸಿ ಕಾರು ಹತ್ತಿತು. ಓರಗಿತ್ತಿ ಕಿಟಕಿಯ ಗಾಜು ಇಳಿಸಿ, “ಬಿಡಿ ಅಕ್ಕಾ, ಬಾತುಕೋಳಿ ತಾನೇ. ಅದಕ್ಕೂ ಕೆರೇನೇ ಸುಖ” ಎಂದಳು. ಆ ಮಾತು ಇನ್ನೂ ನನ್ನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಇದೆ.

ಮಾನ್ಯರೇ, ಕೊರಳಲ್ಲಿ ಬಿಲ್ಲೆ ಇದ್ದರೆ ಸಾಕುಪ್ರಾಣಿ, ಇಲ್ಲದಿದ್ದರೆ ಸರ್ಕಾರದ ಆಸ್ತಿ, ಇದು ಯಾವ ನ್ಯಾಯ? ಹಾಗಾದರೆ ಅಂದು ನನ್ನ ಕೊರಳಲ್ಲೂ ಬಿಲ್ಲೆ ಇರಲಿಲ್ಲ, ನನ್ನನ್ನೇಕೆ ಹೊರಗೆ ಬಿಟ್ಟಿರಿ? ದಡದ ಫಲಕದಲ್ಲಿ ‘ಈ ಕೆರೆಯಲ್ಲಿ ಅರವತ್ತೆರಡು ಬಾತುಕೋಳಿಗಳಿವೆ’ ಎಂದು ನೀವೇ ಬರೆಸಿದ್ದೀರಿ. ನಾನು ನಾಲ್ಕು ಸಲ ಎಣಿಸಿದೆ, ಅರವತ್ತಮೂರು. ಇದನ್ನು ಹೇಳಿದರೆ ನಿಮ್ಮ ಮೇಜಿನವರು, “ಒಂದು ಮರಿ ಮಾಡಿರಬಹುದು ಬಿಡಮ್ಮ” ಎನ್ನುತ್ತಾರೆ. ಹನ್ನೊಂದು ದಿನದಲ್ಲಿ ಮೊಟ್ಟೆಯೊಡೆದು, ಪುಕ್ಕ ಬಲಿತು, ಮೂರು ಕಿಲೋ ತೂಗುವ ಮರಿ! ಅಂಥ ಪವಾಡ ನಿಮ್ಮ ಕೆರೆಯಲ್ಲಿ ನಡೆಯುವುದಾದರೆ ನಾನು ಪ್ರಾರ್ಥನೆಗೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಕೆಲಸಕ್ಕೆ ಹೋಗುವ ಮುಂಚೆ ದಿನಾ, ಉದ್ಯಾನದ ಬಾಗಿಲು ಇನ್ನೂ ತೆಗೆದಿರದ ಹೊತ್ತಿನಲ್ಲಿ, ನಿಮ್ಮ ತಂತಿಬೇಲಿಯ ಹೊರಗೆ ನಿಂತು ಕರೆಯುತ್ತೇನೆ. ಮೊದಮೊದಲು ಗುಂಡಕ್ಕ ದಡದಲ್ಲೇ ಒಂಟಿಯಾಗಿ ಕೂತಿರುತ್ತಿತ್ತು, ಉಳಿದವು ಕುಕ್ಕಿ ಓಡಿಸುತ್ತಿದ್ದವು. ನನ್ನ ದನಿ ಕೇಳಿದರೆ ಓಡಿಬಂದು ತಂತಿಯ ಸಂದಿಯಿಂದ ಕೊರಳು ತೂರಿಸುತ್ತಿತ್ತು. ಐದನೆಯ ದಿನ ನೀರಿಗಿಳಿಯಿತು. ಈಚೆಗೆ ಗುಂಪಿನ ನಡುವೆ ತೇಲುತ್ತಿರುತ್ತದೆ, ಬೆನ್ನ ಮೇಲೆ ಬಿಸಿಲು ಬಿದ್ದು ಮೈಯೆಲ್ಲ ಮಿಂಚುತ್ತದೆ. ಅಷ್ಟು ಚೆಂದ ಅದು ನನ್ನ ಟಬ್ಬಿನಲ್ಲಿ ಒಂದು ದಿನವೂ ಕಾಣಿಸಿರಲಿಲ್ಲ. ನಿನ್ನೆ ಕರೆದೆ. ತಲೆಯೆತ್ತಿ ನೋಡಿತು. ನೋಡಿ, ಮತ್ತೆ ನೀರಿನಲ್ಲಿ ಮುಳುಗು ಹಾಕಿತು.

ಇಷ್ಟು ವರ್ಷ ಓರಗಿತ್ತಿಯ ಮೇಲೆ ಪಟ್ಟದ್ದು ಏನೂ ಅಲ್ಲ ಸ್ವಾಮಿ. ಒಂದು ಕೆರೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಏನೆಂದು ನನಗೆ ಈಗ ಗೊತ್ತಾಗಿದೆ.

ನನ್ನ ಬೇಡಿಕೆ ಒಂದೇ. ನಾಳೆ ಬೆಳಿಗ್ಗೆ ಬಾಗಿಲು ತೆಗೆಸಿ, ನನ್ನನ್ನು ದಡದವರೆಗೆ ಬಿಡಿ, ನೀವೂ ಬಂದು ನಿಲ್ಲಿ. ನಾನು ಒಂದೇ ಸಲ ಕರೆಯುತ್ತೇನೆ. ಬಂದರೆ ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತೇನೆ. ಬರದಿದ್ದರೆ ನೀವು ಹೇಳಿದ ಕಾಗದಕ್ಕೆ ಸಹಿ ಹಾಕಿ, ಬರಿಗೈಯಲ್ಲಿ ಹೋಗುತ್ತೇನೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆದರೆ ನಾಳೆಯೇ ಆಗಬೇಕು. ಅರ್ಜಿ ಪರಿಶೀಲನೆಯಲ್ಲಿದೆ ಎಂದು ನೀವು ಕಾಯಿಸುವ ಒಂದೊಂದು ದಿನವೂ ಕೆರೆಯ ಪರವಾಗಿ ವಾದ ಮಾಡುತ್ತಿದೆ.

ಇನ್ನೊಂದು ಮಾತು. ನನ್ನ ಗಂಡ ಈಗಲೂ ದಿನಾ ಬೆಳಿಗ್ಗೆ ಟಬ್ಬಿನ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಾರೆ. ನಿನ್ನೆ ಅದು ಬರಲಿಲ್ಲವೆಂದು ಅವರಿಗೆ ನಾನು ಹೇಳಿಲ್ಲ. ಅವರು ಪತ್ರಿಕೆ ಓದುವವರಲ್ಲ. ಕಚೇರಿಗೆ ವಿಚಾರಿಸಲು ಬಂದರೆ ನೀವೂ ಹೇಳಬೇಡಿ.

ಇಂತಿ,
ಬೇಲಿಯ ಹೊರಗೇ ನಿಂತಿರುವ,
ಗುಂಡಕ್ಕನ ಮನೆಯವಳು