ನೂರ ಹನ್ನೆರಡನೇ ಪುಟದ ಸುಳ್ಳು ನನ್ನದು

ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ತಂಗಿಯ ಮಗಳು ಸೆನಮ್ ಬರೆದ ಮಹಾಪ್ರಬಂಧವನ್ನು ನೀವು ತಿರಸ್ಕರಿಸಿದ್ದೀರಿ. ಅಚ್ಚಾದ ಪುಸ್ತಕವನ್ನು ಬಿಟ್ಟು ಅವಳು ಸೋದರಮಾವನ ಬಾಯಿಮಾತು ನಂಬಿದಳು ಎಂಬುದು ನಿಮ್ಮ ಆಕ್ಷೇಪಣೆ. ಆ ಪುಸ್ತಕವೂ ಇದೇ ಸೋದರಮಾವನ ಬಾಯಿಮಾತು, ಸ್ವಾಮಿ. ನೂರ ಹನ್ನೆರಡನೇ ಪುಟದ ಅಡಿಟಿಪ್ಪಣಿಯಲ್ಲಿ 'ಹೆಸರು ತಿಳಿಯದ ಸ್ಥಳೀಯ ವೃದ್ಧ' ಅಂತ ಒಬ್ಬನಿದ್ದಾನಲ್ಲ, ಅವನು ನಾನು. ಆಗ ನನಗೆ ಮೂವತ್ತೊಂದು ವರ್ಷ. ನಮ್ಮೂರ ಕೆಟಾ ಹಿನ್ನೀರಿನಲ್ಲಿ ದೋಣಿ ನಡೆಸುವುದರಲ್ಲಿ ನನ್ನ ಸಮ ಯಾರೂ ಇರಲಿಲ್ಲ, ಹೆಣ್ಣು ಕೊಡಲು ಮೂರು ಮನೆಯವರು ಕಾಯುತ್ತಿದ್ದರು. ವೃದ್ಧನಂತೆ! ಇನ್ನು ಹೆಸರು, ಕೇಳಿದ್ದರಲ್ಲವೇ ತಿಳಿಯುವುದು?

ಊರಿನ ನೆನಪು ಕಾಯುವುದು ನಮ್ಮ ಮನೆತನದ ಕೆಲಸ. ಮೊದಲ ಸಲ ಬಂದವರಿಗೆ ನಾವು ನೀರು ಕೊಡುತ್ತೇವೆ, ಒಂದು ಸುಳ್ಳನ್ನೂ ಕೊಡುತ್ತೇವೆ. ಎರಡನೇ ಸಲ ಬಂದರೆ ಬೇರೊಂದು ಸುಳ್ಳು. ಎರಡೂ ತಾಳೆಯಾಗುವುದಿಲ್ಲವಲ್ಲ ಎಂದು ಜಗಳಕ್ಕೆ ಮೂರನೇ ಸಲ ಬಂದವನಿಗೆ ಮಾತ್ರ ನಿಜ. ಇದು ನಮ್ಮ ಪ್ರವೇಶ ಪರೀಕ್ಷೆ. ಮೂವತ್ತೈದು ವರ್ಷದ ಹಿಂದೆ ಟೇಪ್ ರೆಕಾರ್ಡರ್ ಹೊತ್ತು ಬಂದ ಬಿಳಿಯ ವಿದ್ವಾಂಸರು, ಗುಲಾಮರಾಗಿ ಹೋದವರನ್ನು ಹಡಗು ಹತ್ತಿಸುವ ಮುಂಚೆ ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳಿದರು. ಹಿತ್ತಲ ಬೂರುಗದ ಮರ ತೋರಿಸಿದೆ. ತಾಯಂದಿರು ಅದಕ್ಕೆ ಏಳು ಸುತ್ತು ಬಂದು ಅತ್ತರು ಎಂದು ಉಪ್ಪುಖಾರವನ್ನೂ ಹಚ್ಚಿದೆ. ಸುಳ್ಳಿನಲ್ಲೂ ನಾನು ಕಚ್ಚಾ ಆಳಲ್ಲ. ಎರಡು ವರ್ಷ ಅವರಿಗಾಗಿ ಕಾದೆ. ಬರಲೇ ಇಲ್ಲ.

ಪುಸ್ತಕ ಬಂತು. ಕಡಲಾಚೆ, ಹಾಗೆ ಗುಲಾಮರಾಗಿ ಹೋದವರ ವಂಶದವರು ಧರಣಿ ಕೂತು, ಪೊಲೀಸರ ಏಟು ತಿಂದು, ಕಪ್ಪು ಜನರ ಅಧ್ಯಯನಕ್ಕೆಂದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಕೊಠಡಿ ಗಿಟ್ಟಿಸಿಕೊಂಡಿದ್ದರು. ಆ ಕೊಠಡಿಗೆ ನನ್ನ ಸುಳ್ಳು ನುಗ್ಗಿ ಕುರ್ಚಿ ಎಳೆದುಕೊಂಡು ಕೂತಿತು. ಆ ಮರ ನೆಟ್ಟವನು ನನ್ನಪ್ಪ, ನಾನು ಹುಟ್ಟಿದ ವರ್ಷ. ಇಷ್ಟು ಪಂಡಿತರಲ್ಲಿ ಒಬ್ಬರಿಗಾದರೂ ಮರದ ವಯಸ್ಸು ಕೇಳಬೇಕೆನಿಸಲಿಲ್ಲವೇ? ನನ್ನದು ಏಳನೇ ತರಗತಿ, ನಾನಾಗಿದ್ದರೆ ಕೇಳುತ್ತಿದ್ದೆ.

ಹೋದ ವರ್ಷ ಬಾರ್ಬಡೋಸ್ ದ್ವೀಪದಿಂದ ಓರೆಟಾ ಎಂಬ ಶಾಲಾ ಶಿಕ್ಷಕಿ ಆ ಪುಸ್ತಕ ಹಿಡಿದು ಬಂದಳು. ಬರಿಗಾಲಲ್ಲಿ ಮರಕ್ಕೆ ಏಳು ಸುತ್ತು ಬಂದು ಬಿಕ್ಕಿ ಬಿಕ್ಕಿ ಅತ್ತಳು. ಸೆನಮ್ ನನ್ನ ಅಂಗಿ ಜಗ್ಗಿದಳು.

"ಮಾವಾ, ಇದು ತಾತ ನೆಟ್ಟಿದ್ ಮರ ಅಲ್ವಾ? ನೀನ್ ಹೇಳ್ತೀಯೋ, ನಾನೇ ಹೇಳ್ಲೋ?"

"ಸುಮ್ನಿರೇ. ಅತ್ತು ಹಗುರಾಗ್ಲಿ ಪಾಪ."

"ನಿನ್ ಸುಳ್ಳಿಗೆ ಅತ್ತು ಹಗುರಾಗ್ಬೇಕಾ? ನಾಚ್ಕೆ ಆಗಲ್ವಾ ಮುದಿಯಾ?"

ಅಷ್ಟರಲ್ಲಿ ಓರೆಟಾ ಕಣ್ಣೊರೆಸಿಕೊಂಡು ಬಂದಳು. "ಅಣ್ಣಾ, ಸ್ವಲ್ಪ ನೀರು ಕೊಡ್ತೀರಾ?" ಕೊಟ್ಟೆ. ಕುಡಿದು, ನಕ್ಕು, ಹೇಳಿದಳು: "ನಮ್ಮಜ್ಜಿ ಸಾಯೋವರ್ಗೂ ಒಂದೇ ಮಾತು, ನಮ್ಮೋರಿಗೆ ಈ ನೆಲದ ಕೊನೇ ನೀರು ಕೊಟ್ಟಿದ್ದು ಒಂದು ಬಾವಿ ಹತ್ರ ಅಂತ. ಪುಸ್ತಕ್ದಲ್ಲಿ ಬಾವೀನೇ ಇಲ್ಲ. ಪಾಪ, ಕಟ್ಟಿದ್ ಕತೆ ಇರ್ಬೇಕು."

ಮಾನ್ಯರೇ, ಆ ಬಾವಿ ಇದೆ. ಕಡಲದಂಡೆಯಲ್ಲಿ, ಮೀನು ಒಣಗಿಸುವ ಅಟ್ಟಣೆಗಳ ಹಿಂದೆ, ಅರ್ಧ ಮರಳು ತುಂಬಿಕೊಂಡು. ಆ ಅಜ್ಜಿಯ ಮನೆಯಲ್ಲಿ ಇನ್ನೂರು ವರ್ಷ ಉಳಿದ ನೆನಪನ್ನು ನನ್ನ ಒಂದು ತಮಾಷೆ ಸುಳ್ಳು ಮಾಡಿತ್ತು. ಅವಳ ಕೈ ಹಿಡಿದು ಬಾವಿಗೆ ಕರೆದೊಯ್ದೆ. ಮೂರನೇ ಭೇಟಿಗಿಟ್ಟ ನಿಜವನ್ನು ಮೊದಲ ದಿನವೇ ಹೇಳಿದೆ. ಇಲ್ಲಿಂದಲೇ ಎಳೆಸಿಕೊಂಡು ಹೋದವರ ಮಗಳಿಗೆ ಇದು ಮೊದಲ ಭೇಟಿ ಹೇಗಾದೀತು? ಅವಳು ಅಲ್ಲೇ ಕುಕ್ಕರಿಸಿ ಕೂತು, ಅಳದೆ, ಒಂದೊಂದು ಹಿಡಿಯಾಗಿ ಮರಳು ತೆಗೆಯತೊಡಗಿದಳು.

ಸೆನಮ್ ಇದನ್ನೇ ಬರೆದಳು. ಈ ದಡದ ಸಾಕ್ಷಿ ನಾನು, ಆ ದಡದ ಸಾಕ್ಷಿ ಸತ್ತ ಅಜ್ಜಿ. ಎರಡೂ ತಾಳೆಯಾಗುತ್ತವೆ. ನೀವು ಅಂಚಿನಲ್ಲಿ ಕೆಂಪು ಶಾಯಿಯಿಂದ 'ಮುದ್ರಿತ ಆಧಾರವಿಲ್ಲ' ಎಂದು ಗೀಚಿದಿರಿ. ನಿಮ್ಮ ಕೊಠಡಿಯ ಬಾಗಿಲ ಮೇಲೆ 'ವಸಾಹತುಶಾಹಿಯಿಂದ ಮನಸ್ಸಿನ ಬಿಡುಗಡೆ' ಎಂಬ ಫಲಕವಿದೆಯಂತೆ. ಬಹಳ ಸಂತೋಷ. ಬಿಡುಗಡೆ ಬಾಗಿಲಿಗೆ ಮಾತ್ರವೋ, ಒಳಗೆ ಕೂತವರಿಗೂ ಉಂಟೋ?

ಪ್ರಬಂಧವನ್ನು ಮತ್ತೆ ತೆರೆಯಿರಿ. ಬಾವಿ ನೋಡಲು ಬನ್ನಿ. ನಿಮ್ಮನ್ನು ಮೂರು ಸಲ ಅಲೆಸುವುದಿಲ್ಲ, ಅಕ್ಪ್ಲೆ ಮುದ್ದೆ, ಮೀನುಸಾರಿನ ಊಟವನ್ನೂ ಹಾಕಿಸುತ್ತೇನೆ. ಬರಲಾಗದಿದ್ದರೆ ಈ ಬಹಿರಂಗ ಪತ್ರ ಅಚ್ಚಾಗಿರುವ ಪತ್ರಿಕೆಯ ಪುಟವನ್ನು ಕತ್ತರಿಸಿ ಪ್ರಬಂಧಕ್ಕೆ ಅಂಟಿಸಿಕೊಳ್ಳಿ. ಮುದ್ರಿತ ಆಧಾರ ಬೇಕಿತ್ತಲ್ಲ, ತಗೊಳ್ಳಿ.

ಇಂತಿ,
ಕೊನೆಗೂ ವೃದ್ಧನಾಗಿರುವ, ಕೇಳದಿದ್ದರೂ ಹೆಸರು ಹೇಳುತ್ತಿರುವ
ಕ್ಲುಟ್ಸೆ ಅಡ್ಜಾಹೊ