ಬಿಸಿಲಿನಲ್ಲಿ ಉಣ್ಣೆಕೋಟು

ಸರಾಯೆವೊ
ಗುರುವಾರ, ೨ ಏಪ್ರಿಲ್ ೧೯೯೨

ಪ್ರೀತಿಯ ಮಗಳು ಸೆನ್ಕಾಳಿಗೆ,

ಹಟವಲ್ಲ ಕಣಮ್ಮ ಅದು, ಎಂದು ನಾನು ಹೇಳುತ್ತಿದ್ದಾಗಲೇ ನಿನ್ನೆ ಫೋನು ಕಡಿದುಹೋಯಿತು. ಮಾತಿನ ಬಾಲ ನಿನಗೆ ಕೇಳಿಸಿರಲಾರದು. "ಇರ್ಮಾನ ಕಳಿಸಿಬಿಡಪ್ಪ, ಹಬ್ಬ ಪ್ರತಿ ವರ್ಷ ಬರುತ್ತೆ" ಎಂದು ನೀನು. ಉಪವಾಸದ ತಿಂಗಳು ಮುಗಿದು ಶನಿವಾರದ ಬೈರಾಮ್ ಒಂದು ಕಳೆಯಲಿ, ಮೊಮ್ಮಗಳು ಹೊಸ ಅಂಗಿ ಹಾಕಿಕೊಂಡು ನನ್ನ ಕೈಹಿಡಿದು ಊರಲ್ಲಿ ಒಂದು ಸುತ್ತು ಬರಲಿ ಎಂದು ನಾನು. ಆಮೇಲೆ ಕೊಳವೆಯೊಳಗೆ ಗಾಳಿ ಊದಿದಂಥ ಸದ್ದು, ಅಷ್ಟೆ. ಇವತ್ತು ಬೆಳಗಿನಿಂದ ಕಟ್ಟಡದಲ್ಲಿ ಯಾರ ಫೋನಿಗೂ ಜೀವವಿಲ್ಲ. ಇರಲಿ, ನಾನೀಗ ನಿನ್ನ ದಾರಿಗೇ ಬಂದಿದ್ದೇನೆ. ಇರ್ಮಾ ನಾಳೆ ಬೆಳಿಗ್ಗೆ ಹೊರಡುತ್ತಾಳೆ, ಈ ಕಾಗದ ಅವಳ ಜೊತೆಗೇ ಬರುತ್ತದೆ. ಒಂದೇ ದಿನದಲ್ಲಿ ಈ ಮುದುಕನ ಬುದ್ಧಿ ಹೇಗೆ ತಿರುಗಿತೆಂದು ಹೇಳದಿದ್ದರೆ ನೀನು ಬೇರೇನೋ ಊಹಿಸಿಕೊಂಡು ಹೆದರುತ್ತೀಯ. ಅದಕ್ಕೆ ಮೊದಲು, ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲಿ ಇನ್ನೂ ನಿನಗೇ ರಾತ್ರಿ ಪಾಳಿ ಕಟ್ಟುತ್ತಿದ್ದಾರೆಯೆ? ಅಳಿಯಂದಿರ ಕೆಮ್ಮು ಇಳಿಯಿತೆ? ಲ್ಯೂಬ್ಲಿಯಾನಾದ ಮಂಜು ಎದೆಗೆ ಒಳ್ಳೆಯದಲ್ಲ, ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಲು ಹೇಳು. ನಾನು ಚೆನ್ನಾಗಿದ್ದೇನೆ. ಲಿಫ್ಟು ನಿಂತು ವಾರವಾಯಿತು, ಆರನೇ ಮಹಡಿ ಹತ್ತುವಾಗ ಮೊಣಕಾಲು ನಿನ್ನ ಅಮ್ಮನ ಹಾಗೆ ಗೊಣಗುತ್ತದೆ. ಇರ್ಮಾಳ ಮುಂದಿನ ಹಲ್ಲು ಬಿತ್ತು, ಇಟ್ಟುಕೊಂಡಿದ್ದಾಳೆ, ನಿನಗೆ ತೋರಿಸಬೇಕಂತೆ.

ನಿನ್ನ ಅಮ್ಮನನ್ನು ನೆನೆದೆನಲ್ಲ, ಅವಳಿಂದಲೇ ಶುರುಮಾಡುತ್ತೇನೆ. ಮಲಗುವ ಕೋಣೆಯ ಆ ಒಂಟಿಬಾಗಿಲ ಕಪಾಟು ಈಗಲೂ ಅಲ್ಲೇ ಇದೆ. ಮದುವೆಯಾದ ಹೊಸದರಲ್ಲಿ, ಇದರಲ್ಲಿ ಇಬ್ಬರ ಬಟ್ಟೆ ಹಿಡಿಸುವುದುಂಟೆ ಎಂದು ನಾನು ಕೇಳಿದ್ದಕ್ಕೆ ರುಜಿತ್ಸಾ ಹೇಳಿದ್ದು, ಹಿಡಿಸುವಷ್ಟೇ ಬಟ್ಟೆ ಇಟ್ಟುಕೊಳ್ಳೋಣ ಎಂದು. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಸಾಯುವವರೆಗೂ ಆ ನೇಮ ಮುರಿಯಲಿಲ್ಲ. ಊರಿಗೆ ಊರೇ ಬಸ್ಸು ಹತ್ತಿ ಗಡಿಯಾಚೆ ಟ್ರಿಯೆಸ್ಟೆಗೆ ಹೋಗಿ ಬಟ್ಟೆ ತರುತ್ತಿದ್ದ ಕಾಲ ನಿನಗೆ ನೆನಪಿರಬೇಕು. ಹೋಗುವಾಗ ಹಳೆಯದೊಂದನ್ನು ತೊಟ್ಟು ಹೋಗುವುದು, ಬರುವಾಗ ಸುಂಕದವರ ಕಣ್ಣು ತಪ್ಪಿಸಲು ಕೊಂಡದ್ದನ್ನೆಲ್ಲ ಒಂದರ ಮೇಲೊಂದು ತೊಟ್ಟು ಬರುವುದು. ಲಂಗದ ಮೇಲೆ ಲಂಗ, ಜೀನ್ಸ್ ಮೇಲೆ ಜೀನ್ಸ್. ತೆಳ್ಳಗೆ ಹೋದ ಹೆಂಗಸರು ಮೂಟೆಯಂತೆ ಇಳಿಯುತ್ತಿದ್ದರು, ಸುಂಕದವನಿಗೂ ಗೊತ್ತು, ಅವನೂ ನಗುತ್ತಿದ್ದ. ರುಜಿತ್ಸಾ ಮಾತ್ರ ಒಂದೇ ತರುತ್ತಿದ್ದಳು. ಗೆಳತಿಯರು ಆಡಿಕೊಂಡರೆ ಅವಳ ಉತ್ತರ ತಯಾರಿರುತ್ತಿತ್ತು: "ನಾಲ್ಕು ತಂದವಳಿಗೆ ಯಾವುದು ಹಾಕ್ಕೊಳ್ಳಲಿ ಅನ್ನೋ ಚಿಂತೆ. ಒಂದು ತಂದವಳನ್ನ ಊರು ನೋಡುತ್ತೆ." ಊರು ನೋಡಿತು ಕೂಡ. ಭೂಗೋಳದ ಮೇಷ್ಟ್ರ ಸಂಬಳದಲ್ಲಿ ಅವಳಷ್ಟು ಚೆಂದ ಉಟ್ಟವಳು ಮುಖ್ಯಬೀದಿಯ ಸಂಜೆ ತಿರುಗಾಟದಲ್ಲಿ ಇನ್ನೊಬ್ಬಳಿರಲಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಹೇಳಿಸಿಕೊಂಡಿದ್ದೆ, ಅದರಲ್ಲೊಂದು ಗಾದೆ: ಕ್ಲೋತ್ಸ್ ಮೇಕ್ ದಿ ಮ್ಯಾನ್. ಅಥವಾ ಮ್ಯಾನ್ ಮೇಕ್ಸ್ ದಿ ಕ್ಲೋತ್ಸೋ, ಈಗ ಮರೆತಿದೆ. ನಮ್ಮ ಮನೆಯ ಮಟ್ಟಿಗೆ ಎರಡನ್ನೂ ಮಾಡಿದವಳು ರುಜಿತ್ಸಾ. ಅವಳು ಹೋದ ಮೇಲೆ ಕಪಾಟಿನ ತುಂಬ ಜಾಗ. ಆದರೂ ನಾನು ಒಂದು ಬೂದು ಸೂಟು, ಒಂದು ನೀಲಿ ಕೋಟು, ಆ ಉಣ್ಣೆಯ ಓವರ್‌ಕೋಟು, ಒಂದಿಷ್ಟು ಷರಟು, ಇಷ್ಟರ ಮೇಲೆ ಒಂದು ಕರವಸ್ತ್ರವನ್ನೂ ಸೇರಿಸಿಲ್ಲ. ಕಡಿಮೆ ಇದ್ದರೆ ಪ್ರತಿಯೊಂದನ್ನೂ ಹೆಸರು ಹಿಡಿದು ಕರೆಯಬಹುದು. ಇರ್ಮಾಳೂ ಹಾಗೆಯೇ ಆಗಿದ್ದಾಳೆ, ನಾನು ಕಲಿಸಿದ್ದಲ್ಲ. ಹಬ್ಬಕ್ಕೆ ನೀಲಿ ಅಂಗಿ ಹೊಲಿಸುತ್ತೇನೆ ಎಂದ ಕೂಡಲೇ ಕೆಂಪನ್ನು ಮಡಿಸಿ ಎರಡನೇ ಮಹಡಿಯ ದೇಸಾಂಕಾಳ ಚಿಕ್ಕ ಮಗಳಿಗೆ ಕೊಟ್ಟುಬಂದಳು, ಕಾಲರಿಗೆ ಹೇಗೆ ಇಸ್ತ್ರಿ ಹಾಕಬೇಕೆಂದು ಅರ್ಧ ಗಂಟೆ ಪಾಠವನ್ನೂ ಹೇಳಿ.

ಈಗ ಸ್ಲಾವೆನ್ ವಿಷಯ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರು, ಗೊತ್ತಲ್ಲ, ಉಡುಪಿನಲ್ಲಿ ಮೂವತ್ತು ವರ್ಷದಿಂದ ನನ್ನ ಜೊತೆ ಪೈಪೋಟಿಗೆ ಬಿದ್ದವನು. ನಾನು ಟೈಗೆ ಬೇರೆ ಗಂಟು ಹಾಕಿದರೆ ಮರುದಿನ ಅವನ ಕತ್ತಿನಲ್ಲೂ ಅದೇ ಗಂಟು. ಮಾರ್ಚ್ ನಡುವೆ ಒಂದು ದಿನ ಜೂನ್ ತಿಂಗಳ ಹಾಗೆ ಬಿಸಿಲು ಕಾಯಿತು. ಬೀದಿಯಲ್ಲಿ ಎಲ್ಲರೂ ಅಂಗಿಯ ತೋಳು ಮೇಲೆ ಮಡಿಸಿಕೊಂಡು ನಡೆಯುತ್ತಿದ್ದರೆ ಈ ಮಹಾರಾಯ ಉಣ್ಣೆಯ ಓವರ್‌ಕೋಟು ಹಾಕಿಕೊಂಡು ಬರುತ್ತಿದ್ದ, ಅದರ ಗುಂಡಿಗಳು ಕಿತ್ತು ಹಾರುವಂತಿದ್ದವು, ಕತ್ತಿನ ಹತ್ತಿರ ಎರಡು ಕಾಲರು ಒಂದರ ಮೇಲೊಂದು. ಹೆಂಡತಿಯೂ ಹಾಗೆಯೇ ದಪ್ಪಗೆ, ಮಗ ಉರುಳುವ ಚೆಂಡಿನ ಹಾಗೆ. ಇಂಥ ಅವಕಾಶ ನಾನು ಬಿಡುತ್ತೇನೆಯೆ? ಎಲ್ಲರಿಗೂ ಕೇಳುವಂತೆ ಕೂಗಿದೆ: "ಏನಯ್ಯಾ ಸ್ಲಾವೆನ್, ಟ್ರಿಯೆಸ್ಟೆ ಬಸ್ಸಿಂದ ಈಗ ತಾನೇ ಇಳಿದ್ಯಾ?" ಬೀದಿ ನಕ್ಕಿತು. ಅವನು ನಗಲಿಲ್ಲ. ಹತ್ತಿರ ಬಂದು, ಸರಿಯಾಗಿಯೇ ಇದ್ದ ನನ್ನ ಟೈಯನ್ನು ಎರಡೂ ಕೈಯಲ್ಲಿ ಹಿಡಿದು ಸರಿಮಾಡಿದ. ಅವನ ಬೆರಳು ತಣ್ಣಗಿದ್ದವು, ಹಣೆಯಲ್ಲಿ ಬೆವರು. "ನೀನು ಯಾವತ್ತೂ ನನಗಿಂತ ಚೆನ್ನಾಗಿ ಕಟ್ಕೋತಿದ್ದೆ ಕಣೋ ತೆಫಿಕ್" ಎಂದು ಹೊರಟುಹೋದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಪ್ಪದಿದ್ದವನು ಅಂದು ಒಪ್ಪಿಕೊಂಡ, ನಾನು ಅದನ್ನು ಗೆಲುವೆಂದುಕೊಂಡೆ. ಮರುದಿನ ಅವರ ಮನೆಯ ಕಿಟಕಿಗಳು ಮುಚ್ಚಿದ್ದವು. ಪೆಟ್ಟಿಗೆ ಹಿಡಿದು ಹೊರಟವರನ್ನು ಸೇತುವೆಯ ಅಡ್ಡಗಟ್ಟೆಯಲ್ಲಿ ಮುಖ ಮುಚ್ಚಿಕೊಂಡವರು ತಡೆದು ಎಲ್ಲಿಗೆ, ಯಾಕೆ ಎಂದು ಕೇಳುತ್ತಿದ್ದರಂತೆ. ಬರಿಗೈಯಲ್ಲಿ ಗಾಳಿಸೇವನೆಗೆ ಹೊರಟವರನ್ನು ಕೇಳುತ್ತಿರಲಿಲ್ಲವಂತೆ. ಇದನ್ನು ಕಟ್ಟಡ ನೋಡಿಕೊಳ್ಳುವ ಮುದುಕಿ ಹೇಳಿದಳು. ನಾನು ಆಗಲೂ, ವಯಸ್ಸಾದಂತೆ ಸ್ಲಾವೆನ್‌ಗೆ ಋತುವಿನ ಪರಿವೆ ತಪ್ಪಿದೆ ಎಂದು ವಾರವಿಡೀ ಕಾಫಿ ಕುಡಿಯುವಲ್ಲೆಲ್ಲ ಹೇಳಿಕೊಂಡು ನಗಿಸಿದೆ. ನಮ್ಮ ಊರಿನವರಲ್ಲದೆ ಇನ್ಯಾರು ಹೀಗೆ ಮೋಸಹೋಗುತ್ತಾರೆ ಹೇಳು? ಎದುರಿಗೆ ಮನುಷ್ಯ ಸಂಸಾರವನ್ನೇ ಮೈಮೇಲೆ ಹೊತ್ತು ಊರು ಬಿಡುತ್ತಿದ್ದಾನೆ, ನಾವು ಕೋಟಿನ ಹೊಲಿಗೆ ನೋಡುತ್ತಿದ್ದೇವೆ.

ಆಮೇಲೆ ಕಣ್ಣಿಗೆ ಅದೇ ಬೀಳತೊಡಗಿತು. ಟ್ರಾಮಿನಲ್ಲಿ, ರೊಟ್ಟಿಯ ಸಾಲಿನಲ್ಲಿ, ಇದ್ದಕ್ಕಿದ್ದಂತೆ ದಪ್ಪಗಾದವರು. ಇವತ್ತು ದಪ್ಪಗೆ ಕಂಡವರು ನಾಳೆ ಕಾಣುತ್ತಿರಲಿಲ್ಲ. ಇಂಥವರೇ ಎಂದಿಲ್ಲ, ಮಸೀದಿಗೆ ಹೋಗುವವರು, ಇಗರ್ಜಿಗೆ ಹೋಗುವವರು, ನನ್ನ ಹಾಗೆ ಎಲ್ಲಿಗೂ ಹೋಗದವರು, ಎಲ್ಲ ಹೆಸರಿನವರೂ. ಬೆಟ್ಟದ ಮೇಲೆ ಯಾರೋ ನೆಲ ಅಗೆಯುತ್ತಿದ್ದಾರೆ, ಗಾಳಿ ಈ ಕಡೆಗೆ ಬೀಸಿದಾಗ ಗುದ್ದಲಿಯ ಸದ್ದು ಕೇಳುತ್ತದೆ. ಹೊಲದ ಕೆಲಸ ಎನ್ನುತ್ತಾರೆ. ಭೂಗೋಳದ ಮೇಷ್ಟ್ರಿಗೆ ಗೊತ್ತು, ಅಲ್ಲಿ ಹೊಲವಿಲ್ಲ, ಅಲ್ಲಿಂದ ಇಡೀ ಊರು ಕಾಣುತ್ತದೆ. ಇಷ್ಟಾದರೂ, ಶನಿವಾರದ ತನಕ ಮಾತ್ರ, ಶನಿವಾರದ ತನಕ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಇರ್ಮಾಳ ನೀಲಿ ಅಂಗಿ ತರಲು ಹತಿಜಾಳ ಅಂಗಡಿಗೆ ಹೋದೆ. ಬಟ್ಟೆ ಒಗೆದು ಹೊಲಿದು ಕೊಡುವ ಆ ಮೂಲೆ ಅಂಗಡಿಯೇ. ಚಳಿ ಮುಗಿದ ಮೇಲೆ ಬೀದಿಯವರೆಲ್ಲ ಉಣ್ಣೆಕೋಟುಗಳನ್ನು ಅವಳಲ್ಲಿ ಒಗೆಯಲು ಕೊಟ್ಟು ಅಕ್ಟೋಬರ್‌ವರೆಗೆ ಅಲ್ಲೇ ಬಿಡುವುದು ನಿನಗೆ ಗೊತ್ತಿದ್ದದ್ದೇ, ಸಣ್ಣ ಮನೆಗಳಲ್ಲಿ ಜಾಗವೆಲ್ಲಿ? ಏಪ್ರಿಲ್ ಬಂತೆಂದರೆ ಅವಳ ಛಾವಣಿಯಿಂದ ಇಳಿಬಿದ್ದ ಕೋಟುಗಳ ನಡುವೆ ತಲೆ ಬಗ್ಗಿಸಿ ನಡೆಯಬೇಕು. ಚಿಕ್ಕವಳಿದ್ದಾಗ ನೀನು ಅಲ್ಲಿ ಅವಿತುಕೊಳ್ಳುತ್ತಿದ್ದೆ. ಇವತ್ತು ಬಾಗಿಲು ತೆರೆದರೆ ಹಿಂದಿನ ಗೋಡೆ ಕಾಣಿಸಿತು. ಆ ಗೋಡೆಗೆ ಹಸಿರು ಬಣ್ಣ ಎಂದು ನನಗೆ ಇವತ್ತೇ ಗೊತ್ತಾದದ್ದು. ಸಾಲುಸಾಲು ಕೊಕ್ಕೆಗಳು ಖಾಲಿ. ಕೊನೆಯ ಕೊಕ್ಕೆಯಲ್ಲಿ ಮಾತ್ರ ಒಂದು ಓವರ್‌ಕೋಟು. ಅದು ನನ್ನದು. ಜನ ಕೋಟು ಕೊಡಲು ಈ ವರ್ಷ ಬರಲಿಲ್ಲವೆ ಎಂದು ಕೇಳಿದೆ. ಕೊಟ್ಟವರೂ ವಾಪಸು ಒಯ್ದರು ಎಂದಳು. ತಲೆ ಎತ್ತದೆ ಅಂಗಿಗೆ ಕಾಗದ ಸುತ್ತುತ್ತಿದ್ದಳು. ಬೇಸಿಗೆಯಲ್ಲಿ ಉಣ್ಣೆಕೋಟು ತಗೊಂಡು ಏನು ಮಾಡುತ್ತಾರೆ ಎಂದು ನಾನು ಕೇಳಿದ್ದಕ್ಕೆ ಅವಳು ಕಾಗದದ ಮೇಲೆ ದಾರ ಬಿಗಿದು, "ಮುಂದಿನ ಚಳಿಗಾಲಕ್ಕೆ ಇಲ್ಲಿರ್ತೀವಿ ಅಂತ ನಂಬಿ ಕೋಟು ಬಿಟ್ಟಿರೋರು ನೀವೊಬ್ರೇ ಮೇಷ್ಟ್ರೇ" ಎಂದಳು. ನನ್ನ ಕೋಟನ್ನೂ ಇಳಿಸಿ ಕೈಗೆ ಕೊಟ್ಟಳು. ನಾಳೆಯಿಂದ ಬಾಗಿಲು ತೆಗೆಯುವುದಿಲ್ಲವಂತೆ. ಹಣ ಬೇಡವೆಂದಳು. ಆ ಕೋಟು ತೋಳಿನ ಮೇಲೆ ಹಾಕಿಕೊಂಡು ಬಿಸಿಲಿನಲ್ಲಿ ಬರುವಾಗ ಎದುರಿಗೆ ಬಂದವರೆಲ್ಲ ನನ್ನನ್ನು ಒಂದು ತರಹ ನೋಡಿದರು. ಒಬ್ಬ ಹುಡುಗಿಯಂತೂ, ಗುರುತು ಪರಿಚಯವಿಲ್ಲದವಳು, ಹತ್ತಿರ ಬಂದು ಹುಷಾರಾಗಿ ಹೋಗಿಬನ್ನಿ ಎಂದು ಮೆಲ್ಲಗೆ ಹೇಳಿದಳು.

ಮನೆಗೆ ಹೋಗಲಿಲ್ಲ, ನೇರವಾಗಿ ದೇಸಾಂಕಾಳ ಬಾಗಿಲು ತಟ್ಟಿದೆ. ಅವಳು ಇಬ್ಬರು ಮಕ್ಕಳನ್ನು ಕರೆದುಕೊಂಡು ನಾಳೆ ಹೊರಡುವವಳೆಂದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ನಾನು ಕೇಳುವ ಮೊದಲೇ ಒಳಗೆ ಎಳೆದುಕೊಂಡಳು. ನಿಮ್ಮೂರಿಗೇ ಹೋಗುವ ಬಸ್ಸು, ತಾಯಂದಿರು, ಮಕ್ಕಳು ಮಾತ್ರ ಹತ್ತುವಂಥದ್ದು. ಇರ್ಮಾ ಅವಳ ತೊಡೆಯ ಮೇಲೆ. "ತೊಡೆ ಮೇಲೆ ಇನ್ನೊಂದು ಮಗು ಹಿಡಿಸುತ್ತೆ ಮೇಷ್ಟ್ರೇ, ನೀವು ಹಿಡಿಸಲ್ಲ" ಎಂದು ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. ಅವಳ ಉಪಕಾರ ಮರೆಯಬೇಡ. ಅಲ್ಲಿ ಅವಳಿಗೆ ಇಳಿದುಕೊಳ್ಳಲು ನೆಲೆಯಿಲ್ಲ, ನಿಮ್ಮ ಒಂದು ಕೋಣೆಯಲ್ಲೇ ಹೇಗಾದರೂ ಮಾಡಿ.

ಪೆಟ್ಟಿಗೆ ಒಯ್ಯುವಂತಿಲ್ಲವಾದ್ದರಿಂದ ಮಧ್ಯಾಹ್ನವೆಲ್ಲ ಇರ್ಮಾಳಿಗೆ ಉಡಿಸಿ ನೋಡುವುದೇ ಆಯಿತು. ಊರು ಬಿಡುವುದಕ್ಕೆ ಅವಳ ತಕರಾರಿಲ್ಲ, ಅಮ್ಮನ ಹತ್ತಿರ ಹೋಗುವುದಲ್ಲವೆ, ತಕರಾರೆಲ್ಲ ಬಣ್ಣದ್ದು. ಹತ್ತಿಯ ಬಿಳಿ ಅಂಗಿ ಮೊದಲು ಎಂಬುದಕ್ಕೆ ಇಬ್ಬರೂ ಒಪ್ಪಿದೆವು. ಆಮೇಲೆ ಹೊಸ ನೀಲಿ, ಅದರ ಮೇಲೆ ಹಳದಿ ಎಂದು ನಾನು. ನೀಲಿ ಮುದುಡಿಹೋಗುತ್ತದೆ, ಅದು ಮೇಲೆಯೇ ಬರಬೇಕು ಎಂದು ಅವಳು. "ಹಳದಿ ಕೆಳಗಡೆ ಇಣುಕಿದ್ರೆ ನೋಡಿದವರು ಏನಂತಾರೆ ಅಜ್ಜ? ಅಜ್ಜಿ ಇದ್ದಿದ್ರೆ ಬಿಡ್ತಿದ್ಲಾ?" ಎಂದಳು. ಅಜ್ಜಿಯ ಹೆಸರು ಬಂದ ಮೇಲೆ ನಾನು ಸೋತೆ. ಹಳದಿಯ ಅಂಚನ್ನು ನಾಲ್ಕು ಬೆರಳು ಮಡಿಸಿ ನಾನೇ ಹೊಲಿದೆ. ಮೇಲೆ ಶಾಲೆಯ ಕೋಟು. ಕೈಗಳು ಕೆಳಗಿಳಿಯಲೊಲ್ಲವು, ಬಾತುಕೋಳಿಯ ಹಾಗೆ ಓಡಾಡಿ ಬಿಕ್ಕಳಿಕೆ ಬರುವವರೆಗೆ ನಕ್ಕಳು. ನಾನೂ ನಕ್ಕೆ. ನೀನು ಬಿಚ್ಚುವಾಗ ಅವಸರ ಮಾಡಬೇಡ, ಬೆವರಿರುತ್ತಾಳೆ, ಬೆನ್ನು ಒರೆಸಿ ಒಂದೊಂದಾಗಿ ತೆಗೆ. ಅಲ್ಲಿ ಅವಳ ಮೇಲೆ ಮರುಕಪಟ್ಟು ಅಂಗಡಿಯನ್ನೆಲ್ಲ ಮನೆಗೆ ತರಬೇಡ. ಊರು ಬಿಟ್ಟು ಬಂದವರಿಗೆ ಧರ್ಮಕ್ಕೆ ಕೊಡಲು ರಾಶಿ ಹಾಕಿರುತ್ತಾರಲ್ಲ ಹಳೆಬಟ್ಟೆ, ಅದನ್ನು ತೊಡಿಸಲೇಬೇಕಾಗಿ ಬಂದರೆ ಅವಳನ್ನೇ ಆರಿಸಲು ಬಿಡು, ಎಷ್ಟು ಹೊತ್ತಾದರೂ ಸರಿ. ಮೂರೇ ಇದ್ದರೂ ಆರಿಸಿ ತೊಟ್ಟವಳು ತಲೆ ಎತ್ತಿ ನಡೆಯುತ್ತಾಳೆ.

ಈಗ ಬಂದು ನನ್ನ ಭುಜಕ್ಕೆ ಗಲ್ಲ ಊರಿ ನಿಂತಿದ್ದಾಳೆ, ನಾನು ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾಳೆ. ನಾನು ಭಾನುವಾರದ ಬಸ್ಸಿಗೆ ಬರುತ್ತೇನೆ ಎಂದು ಬರೆಯಲು ಹೇಳುತ್ತಿದ್ದಾಳೆ; ಬರೆದಿದ್ದೇನೆ ನೋಡು. ಬೂದು ಸೂಟು ಒಂದೇ, ಒಂದರ ಮೇಲೊಂದಲ್ಲ, ಟೈ ಅವಳೇ ಆರಿಸಿಟ್ಟಿದ್ದಾಳೆ. ನಿಲ್ದಾಣಕ್ಕೆ ತಾನೇ ಬರುತ್ತಾಳಂತೆ, ಹಬ್ಬದ ಸಿಹಿಯಲ್ಲಿ ನನ್ನ ಪಾಲು ತೆಗೆದಿಡಬೇಕಂತೆ. ಅಳಿಯಂದಿರಿಗೆ ಹೇಳು, ರಾತ್ರಿ ಚದುರಂಗ ಆಡಲು ತಯಾರಾಗಿರಲಿ ಎಂದು.

ಹಾಳೆಯ ಮೇಲೆ ಬೆಳಕು ಕಡಿಮೆಯಾಗುತ್ತಿದೆ, ಈ ಸಾಲು ಹೇಗೆ ಹೋಗುತ್ತಿದೆಯೋ ಕಾಣದು. ಬೆಟ್ಟದ ಕಡೆಯ ಕಿಟಕಿಗಳಲ್ಲಿ ದೀಪ ಹಚ್ಚಬಾರದೆಂದು ಮೆಟ್ಟಿಲ ಬುಡದಲ್ಲಿ ಯಾರೋ ಬರೆದು ಅಂಟಿಸಿದ್ದಾರೆ. ನಮ್ಮದು ಆ ಕಡೆಯೇ. ನಿಲ್ಲಿಸುತ್ತೇನೆ. ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ, ನಿಮ್ಮ ಅನ್ನ ಬಿಸಿಯಾಗಿರಲಿ, ನಿಮ್ಮ ಬಾಗಿಲು ತಟ್ಟುವವರೆಲ್ಲ ನಿಮ್ಮವರೇ ಆಗಿರಲಿ.

ನಿನ್ನ ಅಪ್ಪ,
ತೆಫಿಕ್

ತಾ.ಕ.: ಅವಳು ಕೈ ತೊಳೆಯಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಇದನ್ನು ಅವಳೆದುರು ಓದಬೇಡ. ಭಾನುವಾರ ಬಸ್ಸಿಲ್ಲ. ನಾಳೆಯದೇ ಕಡೆಯದು ಎಂದು ಓಡಿಸುವವನೇ ದೇಸಾಂಕಾಳಿಗೆ ಹೇಳಿದ್ದಾನೆ. ಅಂದು ಅವಳನ್ನು ನಿಲ್ದಾಣದ ಕಡೆ ಕರೆದುಕೊಂಡು ಹೋಗಬೇಡ, ಕೇಳಿದರೂ ಹೋಗಬೇಡ. ಇಳಿಯುವವರ ಮುಖವನ್ನೆಲ್ಲ ನೋಡುತ್ತ ನಿಂತುಬಿಡುತ್ತಾಳೆ. ತಲೆ ಬಾಚಿ, ನೀಲಿ ಅಂಗಿ ತೊಡಿಸಿ, ಹೊಳೆಯ ಕಡೆ ನಡೆಸಿಕೊಂಡು ಹೋಗು.