ಒಂಬತ್ತನೇ ಮೆಟ್ಟಿಲು ಯಾರಪ್ಪನದು?

ಹಕ್ಕುಸ್ವಾಮ್ಯ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಲವತ್ತೊಂದು ವರ್ಷದ ಹಿಂದೆ ನಾನು ಕಟ್ಟಿದ ಮೆಟ್ಟಿಲು, ಹೋದ ವರ್ಷ ಎದ್ದ ಹೋಟೆಲಿನ ಮೆಟ್ಟಿಲಿನ ನಕಲು ಎಂದು ತಮ್ಮ ನೋಟೀಸು ಹೇಳುತ್ತದೆ. ನಕ್ಕು ನಕ್ಕು, ಕನ್ನಡಕ ಒರೆಸಿಕೊಂಡು ಮತ್ತೆ ಓದಬೇಕಾಯಿತು. ಹಾಗಾದರೆ ನಮ್ಮಪ್ಪ ನನ್ನ ಮೊಮ್ಮಗಳ ಮೂಗು ಕದ್ದಿದ್ದರೇ? ಕೊನೆಯ ಸಾಲಿನಲ್ಲಿ ಮಾತ್ರ ನಗು ನಿಂತಿತು: ತಿಂಗಳೊಳಗೆ ಮೆಟ್ಟಿಲು ಕೆಡವಬೇಕಂತೆ. ಮೇಲೆ ಎಂಟು ಮಂಚಗಳಿವೆ. ಎದುರಿನ ಆಸ್ಪತ್ರೆಯಲ್ಲಿ ಮಲಗಿದವರ ಮನೆಯವರು ಪುಕ್ಕಟೆಯಾಗಿ ಮೈ ಚಾಚುವ ತಂಗುಮನೆ ಅದು. ಇನ್ನು ಅವರು ಹಾರಿಕೊಂಡು ಹತ್ತಬೇಕೇ?

ನಾನು ಗಾರೆ ಕೆಲಸದವನು. ಕಾನೂನು ಓದಿದ್ದು ಮೊನ್ನೆಯಿಂದ, ತಮ್ಮದೇ ನೋಟೀಸಿನ ಹಿಂಬದಿಯಲ್ಲಿ. ಆದರೆ ಮೆಟ್ಟಿಲಿನ ಮಾತು ಬಂದರೆ ಬಾಯಿ ಮುಚ್ಚುವವನಲ್ಲ. ಹೋಟೆಲಿನ ವಾಸ್ತುಶಿಲ್ಪಿ ತಮ್ಮಲ್ಲಿ ನೋಂದಾಯಿಸಿದ ವಿವರಣೆಯಲ್ಲಿ, ಒಂಬತ್ತನೇ ಮೆಟ್ಟಿಲು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರವಿರುವುದು 'ಮನುಷ್ಯನ ಅವಸರಕ್ಕೊಂದು ವಿರಾಮ'ವಂತೆ! ಸ್ವಾಮೀ, ಅದು ವಿರಾಮವಲ್ಲ, ಜಗಳ. ಅದನ್ನು ಕಟ್ಟಿದ ವಾರ ನನಗೂ, ಜೊತೆಗೆ ಕಟ್ಟುತ್ತಿದ್ದ ನನ್ನ ತಂಗಿಯ ಗಂಡನಿಗೂ ಮಾತಿರಲಿಲ್ಲ. ನಾನು ಕೆಳಗಿನಿಂದ ಗೆರೆ ಹಾಕುತ್ತ ಹತ್ತಿದೆ, ಅವನು ಮೇಲಿನಿಂದ ಗೆರೆ ಹಾಕುತ್ತ ಇಳಿದ. ಒಂಬತ್ತರಲ್ಲಿ ಎದುರುಬದುರಾದಾಗ ನಾಲ್ಕು ಬೆರಳು ಹೆಚ್ಚಿಗೆ ಉಳಿದಿತ್ತು. ಅಳಿಸಲು ಇಬ್ಬರೂ ಒಪ್ಪಲಿಲ್ಲ, ಹಾಗೇ ಕಟ್ಟಿದೆವು.

ಹೋಟೆಲ್ ಕಟ್ಟುವ ಮೊದಲು ಆ ವಾಸ್ತುಶಿಲ್ಪಿ ತಾಯಿಯ ಕಾಯಿಲೆಗೆಂದು ಬಂದು ಹದಿನೈದು ದಿನ ನಮ್ಮಲ್ಲೇ ಇದ್ದ. ಮೆಟ್ಟಿಲು ಅಳೆಯುವಾಗ ಟೇಪಿನ ತುದಿ ಹಿಡಿದುಕೊಂಡವಳು ತಂಗುಮನೆ ನೋಡಿಕೊಳ್ಳುವ ನನ್ನ ತಂಗಿಯೇ. "ಪಾಪ, ಹುಡುಗನಿಗೆ ಹೊತ್ತು ಹೋಗಲ್ಲ ಅಂದ್ಕೊಂಡೆ ಕಣೋ ಅಣ್ಣಾ," ಅನ್ನುತ್ತಾಳೆ ಈಗ. ಸಾಲದ್ದಕ್ಕೆ ತಾವು ಕಳಿಸಿದ ತನಿಖಾಧಿಕಾರಿ ಒಂಬತ್ತರಲ್ಲಿ ಮುಗ್ಗರಿಸಿ, ಮೊಣಕಾಲು ಹಿಡಿದು, "ಅಯ್ಯೋ, ಹೋಟೆಲಲ್ಲೂ ಇಲ್ಲೇ ಬಿದ್ದಿದ್ದೆ ಕಣ್ರೀ!" ಎಂದರು. ಸರಿಯಾದ ಮೆಟ್ಟಿಲನ್ನು ನೂರು ಜನ ಒಂದೇ ಥರ ಕಟ್ಟಬಹುದು. ಒಂದೇ ತಪ್ಪನ್ನು, ಅದೂ ಬೆರಳಿನ ಲೆಕ್ಕ ಸಮೇತ, ಜಗಳವೇ ಆಡದೆ ಒಬ್ಬನೇ ಹೇಗೆ ಮಾಡಿದ?

ತಮಾಷೆ ಕೇಳಿ. ನಲವತ್ತೊಂದು ವರ್ಷ "ತಪ್ಪು ನಿಂದು, ನಿಂದು" ಅಂತಿದ್ದ ತಂಗಿಯ ಗಂಡ, ಅದಕ್ಕೆ ಹಕ್ಕುಸ್ವಾಮ್ಯವಿದೆ ಅಂದದ್ದೇ, "ನಿಜ ಹೇಳ್ಲಾ ಭಾವ? ತಪ್ಪು ನಂದೇ!" ಅಂದುಬಿಟ್ಟ. ನಾನು ಬಿಡುತ್ತೇನೆಯೇ? "ಹೋಗೋ, ನಂದು!" ಅಂದೆ. ಮತ್ತೆ ಮಾತು ಬಿಟ್ಟೆವು, ಒಂದು ಗಂಟೆ.

ತಂಗಿಯೇ ತಂಗುಮನೆಯ ಹಳೇ ದಾನಪತ್ರ ತಂದು ನಮ್ಮ ಮುಂದೆ ಬಿಡಿಸಿದಳು. ತಂಗುಮನೆ ಕಟ್ಟಿಸಿದ ಅಜ್ಜಿ ಅದನ್ನು ವಕ್ಫ್ ಮಾಡಿದ್ದರು, ಅಂದರೆ ದೇವರ ಹೆಸರಿಗೆ ಬಿಟ್ಟಿದ್ದರು. ಕೊಟ್ಟವರು ವಾಪಸ್ಸು ಕೇಳುವಂತಿಲ್ಲ, ನೋಡಿಕೊಳ್ಳುವವರು ಮಾರುವಂತಿಲ್ಲ. ಪತ್ರ ಬರೆಸಿದ ದಿನ ಅವರೂ ಒಂಬತ್ತರಲ್ಲಿ ಎಡವಿ, ನಕ್ಕು, "ಇರ್ಲಿ ಬಿಡ್ರೋ, ನಿಮ್ಮ ಜಗಳಾನೂ ದಾನಕ್ಕೇ ಸೇರ್ಲಿ" ಎಂದು ಹಾಗೇ ಬರೆಸಿದ್ದರು: 'ಮೆಟ್ಟಿಲು, ಅದರ ತಪ್ಪಿನ ಸಮೇತ.' ನಾವಿಬ್ಬರೂ ಕೆಳಗೆ ಸಾಕ್ಷಿಯಾಗಿ ರುಜು ಹಾಕಿದ್ದೇವೆ. ಮರೆತೇ ಹೋಗಿತ್ತು!

ಆದ್ದರಿಂದ ನೋಟೀಸು ಹಿಂತೆಗೆದುಕೊಳ್ಳಿ. ಪತ್ರದ ಪ್ರತಿ ಲಗತ್ತಿಸಿದ್ದೇನೆ. ಹೋಟೆಲಿನವರೂ ತಮ್ಮ ಮೆಟ್ಟಿಲು ಇಟ್ಟುಕೊಳ್ಳಲಿ. ದಾನದ ತಪ್ಪು, ಯಾರು ಬೇಕಾದರೂ ಎಡವಲಿ. ಆದರೆ ತಮ್ಮ ದಾಖಲೆಯಲ್ಲಿ 'ಕರ್ತೃ' ಎಂಬಲ್ಲಿ ಆ ಹುಡುಗನ ಹೆಸರು ಹೊಡೆದುಹಾಕಿ 'ದಾನವಾಗಿದೆ' ಎಂದು ಬರೆಯಿರಿ. ಬರೆದದ್ದನ್ನು ತಾವೇ ಬಂದು ತೋರಿಸಿ. ಹತ್ತುವಾಗ ಎಣಿಸಿಕೊಂಡು ಹತ್ತಿ.

ಇಂತಿ,
ಒಂದು ತಪ್ಪಿನ ಅರ್ಧ ಪಾಲುದಾರ
(ಉಳಿದರ್ಧದವನು ಪಕ್ಕದಲ್ಲೇ ಕೂತು, "ಮುಕ್ಕಾಲು ನಂದು ಅಂತ ಬರಿ" ಅನ್ನುತ್ತಿದ್ದಾನೆ)